ಟ್ಯಾನ್ ಇಪ್ಪತ್ತೆರಡೂವರೆ ಮತ್ತು ಅಪ್ಪನ ದಾರ

ಕಳೆದ ತಿಂಗಳು ಒಂದು ಸಂಜೆ ನಮ್ಮ ಮನೆ ಟ್ಯೂಷನ್‌ನಲ್ಲಿ ಜಗಳ ಆಯಿತು. ಸೈನ್ 15 ಡಿಗ್ರಿಯ ಬೆಲೆ ಕಂಡುಹಿಡಿಯಿರಿ ಅಂತ ಲೆಕ್ಕ ಕೊಟ್ಟು ನಾನು ಚಹಾಕ್ಕಿಡಲು ಒಳಗೆ ಹೋಗಿದ್ದೆ. ಚಹಾ ಸೋಸುವಷ್ಟರಲ್ಲಿ ಹೊರಗೆ ದನಿ ಏರಿತ್ತು. ಬಂದು ನೋಡಿದರೆ ಬೋರ್ಡಿನ ಮೇಲೆ ಮೂರು ಉತ್ತರ.

ಬಸು ಬರೆದದ್ದು √(2 − √3) / 2. ಕಾವ್ಯಾ ಬರೆದದ್ದು (√6 − √2) / 4. ರೇಷ್ಮಾ ಬರೆದದ್ದು (√3 − 1) / (2√2). ಪಠ್ಯಪುಸ್ತಕದಲ್ಲಿರುವ ಉತ್ತರ ರೇಷ್ಮಾಳದ್ದರ ಹಾಗೇ ಇತ್ತು. ಹಾಗಾಗಿ ಅವಳು ಗೆದ್ದೆ ಅಂತ ಕೂತಿದ್ದಳು. ಬಸು ತನ್ನ ಉತ್ತರ ಅಳಿಸಲು ಡಸ್ಟರ್ ಕೈಗೆ ತೆಗೆದುಕೊಂಡಿದ್ದ.

"ತಡಿ, ಅಳಿಸಬೇಡ" ಅಂದೆ. "ಮೂರೂ ಸರಿ ಇವೆ."

"ಮೂರೂ ಹೆಂಗ್ ಸರಿ ಆಗ್ತಾವ್ರೀ ಮೇಡಂ? ಒಂದಕ್ಕೊಂದು ಹೋಲಂಗೇ ಇಲ್ಲಲ್ರೀ."

ಮೊಬೈಲ್ ತೆಗೆದು ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ ಅಂದೆ. ಮೂರಕ್ಕೂ 0.2588 ಬಂತು. ಮೂವರೂ ಸುಮ್ಮನಾದರು. ಆ ಮೌನ ನನಗೆ ತುಂಬಾ ಇಷ್ಟ. ಲೆಕ್ಕ ಒಳಗೆ ಇಳಿಯುವುದು ಅಂಥ ಹೊತ್ತಿನಲ್ಲೇ.

ಆಮೇಲೆ ಕಾವ್ಯಾಳ ಉತ್ತರವನ್ನು ವರ್ಗ ಮಾಡಿಸಿದೆ. √6 − √2 ಇದರ ವರ್ಗ 6 + 2 − 2√12, ಅಂದರೆ 8 − 4√3. ಕೆಳಗಿನ 4ರ ವರ್ಗ 16. ಭಾಗಿಸಿದರೆ (2 − √3) / 4. ಈಗ ಬಸುವಿನ ಉತ್ತರವನ್ನು ವರ್ಗ ಮಾಡಿ: (2 − √3) / 4. ಅದೇ! ಎರಡೂ ಧನ ಸಂಖ್ಯೆಗಳು, ಎರಡರ ವರ್ಗವೂ ಒಂದೇ, ಹಾಗಾಗಿ ಎರಡೂ ಒಂದೇ. ರೇಷ್ಮಾಳ ಉತ್ತರದ ಅಂಶ, ಛೇದ ಎರಡನ್ನೂ √2ರಿಂದ ಗುಣಿಸಿದರೆ ಕಾವ್ಯಾಳದ್ದು ಬರುತ್ತದೆ.

ಹುಡುಗಿಯರಿಬ್ಬರೂ 15 ಅಂದರೆ 45ರಲ್ಲಿ 30 ಕಳೆದದ್ದು ಅಂತ ಹೋಗಿದ್ದರು. ಬಸು 15 ಅಂದರೆ 30ರ ಅರ್ಧ ಅಂತ ಹೋಗಿದ್ದ. ದಾರಿ ಬೇರೆ, ಹಾಗಾಗಿ ಉತ್ತರದ ವೇಷ ಬೇರೆ. ವರ್ಗಮೂಲದ ಹೊಟ್ಟೆಯೊಳಗೆ ಇನ್ನೊಂದು ವರ್ಗಮೂಲ ಕಂಡರೆ ಮಕ್ಕಳು ಹೆದರುತ್ತಾರೆ. ಎಲ್ಲೋ ತಪ್ಪಾಗಿದೆ ಅಂದುಕೊಂಡು ಅಳಿಸುತ್ತಾರೆ. ಎಷ್ಟು ಮಕ್ಕಳು ಹೀಗೆ ಸರಿಯಾದ ಉತ್ತರ ಅಳಿಸಿದ್ದಾರೋ ಅಂತ ನೆನೆಸಿದರೆ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಈ ಅರ್ಧ ಕೋನದ ಬಗ್ಗೆ ಬರೆಯಲು ಕೂತಿದ್ದೇನೆ.

ನಾನು ಪಿಯುಸಿ ಓದುವಾಗ ನಮಗೆ ಪಾಠ ಮಾಡಿದವರು ಬೋರ್ಡಿನ ತುಂಬಾ ಸೂತ್ರ ಬರೆದು, ನಾಳೆ ಬೈಹಾರ್ಟ್ ಮಾಡಿಕೊಂಡು ಬನ್ನಿ ಅಂದಿದ್ದರು. ಒಂದರಲ್ಲಿ ಪ್ಲಸ್, ಒಂದರಲ್ಲಿ ಮೈನಸ್. ಯಾವುದರಲ್ಲಿ ಯಾವುದು? ರಾತ್ರಿಯೆಲ್ಲಾ ಉರು ಹೊಡೆದರೂ ಬೆಳಗ್ಗೆ ಅದಲು ಬದಲಾಗುತ್ತಿತ್ತು. ಅವು ಎಲ್ಲಿಂದ ಬಂದವು ಅಂತ ಕೇಳಿದವರಿಗೆ ಪರೀಕ್ಷೆಯಲ್ಲಿ ಅದು ಬರಲ್ಲ, ಕೂತ್ಕೋ ಅನ್ನುವ ಉತ್ತರ ಸಿಕ್ಕಿತು. ನಾನು ಪಾಠ ಹೇಳಲು ಶುರು ಮಾಡಿದ ದಿನದಿಂದ ಆ ಮಾತನ್ನು ಯಾವ ಮಗುವಿಗೂ ಹೇಳಿಲ್ಲ.

ಎಲ್ಲಿಂದ ಬರುತ್ತದೆ ಅನ್ನುವುದು ಎರಡೇ ಸಾಲು. ಕೋನ ದುಪ್ಪಟ್ಟಾದಾಗ ಕಾಸ್ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ:

ಕಾಸ್ 2ಅ = 1 − 2 ಸೈನ್² ಅ = 2 ಕಾಸ್² ಅ − 1

ಇದನ್ನೇ ಹಿಂದಿನಿಂದ ಓದಿ. ದೊಡ್ಡ ಕೋನ ಗೊತ್ತಿದೆ, ಅದರ ಅರ್ಧ ಬೇಕು. ಅಷ್ಟೇ:

ಸೈನ್²(ಅ/2) = (1 − ಕಾಸ್ ಅ) / 2
ಕಾಸ್²(ಅ/2) = (1 + ಕಾಸ್ ಅ) / 2

ಪ್ಲಸ್ ಮೈನಸ್ ಗೊಂದಲಕ್ಕೆ ಒಂದು ಉಪಾಯ ಇದೆ. ಕೋನ ಸೊನ್ನೆ ಅಂದುಕೊಳ್ಳಿ. ಸೊನ್ನೆಯ ಅರ್ಧ ಸೊನ್ನೆ. ಸೈನ್ ಸೊನ್ನೆ ಆಗಲೇಬೇಕು. ಕಾಸ್ ಸೊನ್ನೆ ಡಿಗ್ರಿ ಅಂದರೆ 1. ಒಂದರಲ್ಲಿ ಒಂದು ಕಳೆದರೆ ತಾನೇ ಸೊನ್ನೆ? ಹಾಗಾಗಿ ಸೈನ್‌ಗೆ ಮೈನಸ್. ಪರೀಕ್ಷೆ ಹಾಲ್‌ನಲ್ಲಿ ಐದು ಸೆಕೆಂಡ್ ಸಾಕು.

ಇನ್ನು ಅಪ್ಪನ ವಿಷಯ. ನಮ್ಮಪ್ಪ ಬಡಿಗರು. ಗದಗಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಬಾಗಿಲು, ಕಿಟಕಿ, ಕಪಾಟು ಮಾಡಿದವರು. ಈಗ ಕಣ್ಣು ಮಂಜಾಗಿದೆ, ಉಳಿ ಹಿಡಿಯುವುದಿಲ್ಲ. ನಾನು ಪಿಯುಸಿ ಮೊದಲನೇ ವರ್ಷದಲ್ಲಿದ್ದಾಗ ಅವರಿಗೆ ಒಂದು ಎಂಟು ಮೂಲೆಯ ಮೇಜಿನ ಆರ್ಡರ್ ಬಂದಿತ್ತು. ಮೂರಡಿ ಉದ್ದ, ಮೂರಡಿ ಅಗಲದ ಚೌಕ ಹಲಗೆ ಅಂಗಳದಲ್ಲಿ ಹಾಸಿದ್ದರು. ಅದರ ನಾಲ್ಕು ಮೂಲೆ ಕತ್ತರಿಸಿ ಎಂಟು ಸಮ ಬದಿ ಮಾಡಬೇಕು. ಎಲ್ಲಿ ಕತ್ತರಿಸಬೇಕು?

ಅಪ್ಪ ಒಂದು ದಾರ ತೆಗೆದರು. ಹಲಗೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಅದನ್ನು ಎಳೆದರು. ದಾರವನ್ನು ಮಡಿಸಿ ಅರ್ಧ ಮಾಡಿದರು. ಆ ಅರ್ಧ ದಾರದ ಒಂದು ತುದಿಯನ್ನು ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಗೆ ಪೆನ್ಸಿಲ್ ಸಿಕ್ಕಿಸಿ, ಪಕ್ಕದ ಎರಡು ಅಂಚಿನ ಮೇಲೆ ಗುರುತು ಹಾಕಿದರು. ನಾಲ್ಕು ಮೂಲೆಯಿಂದಲೂ ಹೀಗೇ. ಎಂಟು ಗುರುತು ಬಿದ್ದವು. ಗುರುತಿನಿಂದ ಗುರುತಿಗೆ ಗೆರೆ ಎಳೆದು ಗರಗಸ ಹಾಕಿದರು. ಒಂದು ಅಂಕಿಯನ್ನೂ ಬರೆಯಲಿಲ್ಲ.

ಆ ವಾರ ಕಾಲೇಜಿನಲ್ಲಿ ಟ್ಯಾನ್ ಇಪ್ಪತ್ತೆರಡೂವರೆ ಡಿಗ್ರಿ ಆಗಿತ್ತು. ಪುಸ್ತಕದಲ್ಲಿ ಅದು ಟ್ಯಾನ್ ಪೈ ಬೈ 8 ಅಂತ ಇರುತ್ತದೆ. ಉತ್ತರ √2 − 1, ಅಂದರೆ 0.4142. ಅಪ್ಪನ ಮೇಜಿನ ಒಂದು ಬದಿಯನ್ನು ನಾನು ಸುಮ್ನೆ ಟೇಪ್ ಹಿಡಿದು ಅಳೆದೆ. 15 ಇಂಚಿಗೆ ಎರಡು ಮಿಲಿಮೀಟರ್‌ನಷ್ಟು ಕಡಿಮೆ ಇತ್ತು. ಹಲಗೆ 36 ಇಂಚು. ಯಾಕೋ ಭಾಗಿಸಿ ನೋಡಬೇಕು ಅನಿಸಿತು. 0.414 ಬಂತು.

ಅವತ್ತು ನಾನು ಅಂಗಳದಲ್ಲಿ ಕೂತಲ್ಲೇ ಕೂತಿದ್ದೆ. ಕಾಲೇಜಿನ ಬೋರ್ಡಿನ ಮೇಲಿದ್ದ ಸಂಖ್ಯೆ ನಮ್ಮ ಮನೆಯ ಅಂಗಳದ ಹಲಗೆಯ ಮೇಲೆ ಇತ್ತು. ಅಪ್ಪನಿಗೆ ಹೇಳಿದೆ. ಅವರು ನಕ್ಕು, "ಅದಕ್ಕೆ ಹೆಸರು ಬ್ಯಾರೆ ಐತೇನವಾ?" ಅಂದರು.

ಯಾಕೆ ಹಾಗೆ ಅಂತ ನೋಡೋಣ. ಚೌಕದ ಬದಿ 1 ಅಂದುಕೊಂಡರೆ ಕರ್ಣ √2, ಅದರ ಅರ್ಧ 0.7071. ಒಂದು ಮೂಲೆಯಿಂದ 0.7071 ದೂರಕ್ಕೆ ಗುರುತು ಬಿತ್ತು ಅಂದರೆ ಆಚೆ ಮೂಲೆಗೆ ಉಳಿದದ್ದು 0.2929. ಎರಡೂ ಕಡೆಯಿಂದ 0.2929 ಹೋದರೆ ನಡುವೆ ಉಳಿಯುವುದು 0.4142. ಇನ್ನು ಮೇಜಿನ ಮಧ್ಯದಿಂದ ನೋಡಿ. ಎಂಟು ಬದಿ ಇವೆ, ಒಂದೊಂದು ಬದಿಗೆ 45 ಡಿಗ್ರಿ. ಬದಿಯ ಅರ್ಧಕ್ಕೆ 22½ ಡಿಗ್ರಿ. ಮಧ್ಯದಿಂದ ಬದಿಗೆ ಇರುವ ದೂರ ಅಗಲದ ಅರ್ಧ. ಟ್ಯಾನ್ ಅಂದರೆ ಕೋನದ ಎದುರು ಬದಿಯನ್ನು ಪಕ್ಕದ ಬದಿಯಿಂದ ಭಾಗಿಸಿದ್ದು. ಹಾಗಾಗಿ ಅರ್ಧ ಬದಿಯನ್ನು ಅರ್ಧ ಅಗಲದಿಂದ ಭಾಗಿಸಿದರೆ ಟ್ಯಾನ್ 22½ ಡಿಗ್ರಿ. ದಾರ ಹೇಳಿದ್ದೂ ಅದನ್ನೇ.

ಮೇಜಿನ ಸುತ್ತ ಎರಡು ಇಂಚು ಅಗಲದ ಪಟ್ಟಿ ಕೂಡಿಸುವಾಗಲೂ ಇದೇ ಸಂಖ್ಯೆ ಮತ್ತೆ ಬಂತು. ಎಂಟು ಮೂಲೆಯಲ್ಲೂ ಪಟ್ಟಿಯ ತುದಿಯನ್ನು ನೇರ ಕತ್ತರಿಸದೆ 22½ ಡಿಗ್ರಿ ಓರೆ ಕತ್ತರಿಸಬೇಕು. ಎರಡಿಂಚಿಗೆ 0.83 ಇಂಚು ಓರೆ. ಅಪ್ಪ ಇದಕ್ಕೆ ಕಾಗದ ಮಡಿಸಿದರು. ಕಾಗದದ ನೇರ ಮೂಲೆ 90. ಒಂದು ಸಲ ಮಡಿಸಿದರೆ 45. ಇನ್ನೊಂದು ಸಲ ಮಡಿಸಿದರೆ 22½. ಆ ಮಡಿಕೆಯನ್ನು ಪಟ್ಟಿಯ ಮೇಲಿಟ್ಟು ಗೆರೆ ಎಳೆದರು. ಹದಿನಾರು ತುದಿ, ಎಂಟು ಕೂಡು. ಒಂದರಲ್ಲೂ ಬೆಳಕು ತೂರಲಿಲ್ಲ.

ನನ್ನ ತಲೆಯಲ್ಲಿ ಅವತ್ತಿನಿಂದ ಕೂತಿರುವ ಮಾತು ಇದು. ಕೋನವನ್ನು ಅರ್ಧ ಮಾಡುವುದು ಕೈಗೆ ಬಹಳ ಸುಲಭ. ಒಂದು ಮಡಿಕೆ ಸಾಕು. ಅದನ್ನೇ ಸಂಖ್ಯೆಯಲ್ಲಿ ಮಾಡಲು ಹೋದರೆ ಪ್ರತಿ ಮಡಿಕೆಗೂ ಒಂದು ವರ್ಗಮೂಲ ತೆರಬೇಕು. ಒಂದು ಮಡಿಕೆಗೆ ಒಂದು ವರ್ಗಮೂಲ, ಎರಡು ಮಡಿಕೆಗೆ ವರ್ಗಮೂಲದೊಳಗೆ ವರ್ಗಮೂಲ. ಬಸುವಿನ ಉತ್ತರ ಹೆದರಿಸಿದ್ದು ಅದಕ್ಕೇ. ಅದು ತಪ್ಪಿನ ಗುರುತಲ್ಲ, ಮಡಿಕೆಯ ಗುರುತು.

ಟ್ಯಾನ್ 22½ ಡಿಗ್ರಿಯನ್ನು ವರ್ಗ ಸಮೀಕರಣದಿಂದಲೂ ತೆಗೆಯಬಹುದು. ಬೇಕಾದ ಬೆಲೆಯನ್ನು ಟ ಅನ್ನೋಣ. ಟ್ಯಾನ್ 45 = 2ಟ / (1 − ಟ²). ಅದು 1. ಹಾಗಾಗಿ ಟ² + 2ಟ − 1 = 0. ಉತ್ತರ ಎರಡು: −1 + √2 ಮತ್ತು −1 − √2. ಎಲ್ಲ ಗೈಡುಗಳಲ್ಲೂ ಇಲ್ಲಿ ಒಂದು ಸಾಲು ಇರುತ್ತದೆ: ಕೋನ ಮೊದಲನೇ ಚತುರ್ಥಕದಲ್ಲಿ (ಅಂದರೆ 0 ಮತ್ತು 90 ಡಿಗ್ರಿಯ ನಡುವೆ) ಇರುವುದರಿಂದ ಋಣ ಬೆಲೆ ಬಿಡಿ. ಬಿಡೋಣ, ಆದರೆ ಆ ಬಿಟ್ಟ ಬೆಲೆ ಯಾರದು? ಅದೂ ಯಾವುದೋ ಕೋನದ ಟ್ಯಾನ್ ಆಗಿರಬೇಕು ಅಲ್ವಾ?

ಆಗಿದೆ. ಟ್ಯಾನ್ 225 ಡಿಗ್ರಿಯೂ 1. ಅದರ ಅರ್ಧ 112½. ಆ ಕೋನದ ಟ್ಯಾನ್ −2.4142, ಅಂದರೆ ಸರಿಯಾಗಿ −1 − √2. ನಾವು ಸಮೀಕರಣಕ್ಕೆ ಹೇಳಿದ್ದು ಟ್ಯಾನ್‌ನ ಬೆಲೆ 1 ಅಂತ ಮಾತ್ರ. ಕೋನ 45 ಅಂತ ಹೇಳಲೇ ಇಲ್ಲ. ಹಾಗಾಗಿ ಅದು 45ರ ಅರ್ಧವನ್ನೂ ಕೊಟ್ಟಿತು, 225ರ ಅರ್ಧವನ್ನೂ ಕೊಟ್ಟಿತು. ಎಂಥ ಪ್ರಾಮಾಣಿಕತೆ! ಈ ಎರಡನೇ ಉತ್ತರದ ಮನೆ ಹುಡುಕಿಸಿದ ಮೇಲೆ ಮಕ್ಕಳು ± ಚಿಹ್ನೆಯನ್ನು ಬೇಕಾಬಿಟ್ಟಿ ಬಿಡುವುದಿಲ್ಲ.

ಚಿಹ್ನೆಯಲ್ಲೇ ಜಾಸ್ತಿ ಅಂಕ ಹೋಗುತ್ತವೆ. ಪುಸ್ತಕದ ಒಂದು ಲೆಕ್ಕ ನೋಡಿ. ಟ್ಯಾನ್ ಅ = 3/4, ಅ ಇರುವುದು 180 ಮತ್ತು 270ರ ನಡುವೆ. ಸೈನ್(ಅ/2), ಕಾಸ್(ಅ/2) ಎಷ್ಟು? ಮೂರನೇ ಚತುರ್ಥಕ ಅಂದ ಕೂಡಲೇ ಮಕ್ಕಳು ಸೈನ್ ಋಣ, ಕಾಸ್ ಋಣ ಅಂತ ಎರಡಕ್ಕೂ ಮೈನಸ್ ಹಚ್ಚುತ್ತಾರೆ. ಆದರೆ ನಮಗೆ ಬೇಕಿರುವುದು ಅ ಅಲ್ಲ, ಅದರ ಅರ್ಧ. ಅರ್ಧ ಎಲ್ಲಿದೆ? 90 ಮತ್ತು 135ರ ನಡುವೆ, ಎರಡನೇ ಚತುರ್ಥಕದಲ್ಲಿ. ಅಲ್ಲಿ ಸೈನ್ ಧನ, ಕಾಸ್ ಋಣ. ಕಾಸ್ ಅ = −4/5 ಹಾಕಿದರೆ ಸೈನ್(ಅ/2) = 3/√10, ಕಾಸ್(ಅ/2) = −1/√10. ನಾನು ಮಕ್ಕಳಿಗೆ ಹೇಳುವುದು ಒಂದೇ: ಕೋನವನ್ನು ಮೊದಲು ಅರ್ಧ ಮಾಡಿ, ಆಮೇಲೆ ಅದು ಎಲ್ಲಿ ಬಿತ್ತು ನೋಡಿ, ಆಮೇಲೆ ಚಿಹ್ನೆ.

3, 4, 5 ಬಂದಿದ್ದರಿಂದ ಒಂದು ಮಾತು ಹೇಳಲೇಬೇಕು. ಪಾಯಾ ಹಾಕುವಾಗ ಗೌಂಡಿಗಳು ದಾರ ಎಳೆದು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಓರೆ ಅಳತೆ 5 ಅಡಿ ಬಂತಾ ನೋಡುತ್ತಾರೆ. ಬಂದರೆ ಮೂಲೆ ನೇರ. ಈ ತ್ರಿಭುಜದ ಕೋನಗಳನ್ನು ಅರ್ಧ ಮಾಡಿ ನೋಡಿದ್ದೀರಾ?

4ರ ಬದಿ ನೆಲದ ಮೇಲೆ, 3ರ ಬದಿ ನೇರ ಮೇಲಕ್ಕೆ, 5 ಓರೆ. 4 ಮತ್ತು 5 ಕೂಡುವ ಮೂಲೆಯ ಕೋನ ಅ. ಈಗ ನೆಲದ ಗೆರೆಯನ್ನು ಆ ಮೂಲೆಯಿಂದ ಹಿಂದಕ್ಕೆ ಇನ್ನೂ 5 ಅಡಿ ಎಳೆಯಿರಿ. ಅದರ ತುದಿಯಿಂದ ಮೇಲಿನ ತುದಿಗೆ ಗೆರೆ ಹಾಕಿ. 5, 5 ಬದಿಗಳ ಒಂದು ಸಮದ್ವಿಬಾಹು ತ್ರಿಭುಜ ಆಯಿತು. ಅದರ ಹೊರಕೋನ ಅ. ಒಳಗಿನ ಎರಡು ಸಮ ಕೋನಗಳ ಮೊತ್ತ ಅ, ಹಾಗಾಗಿ ಒಂದೊಂದೂ ಅದರ ಅರ್ಧ. ಈಗ ದೊಡ್ಡ ತ್ರಿಭುಜ ನೋಡಿ. ನೆಲ 5 + 4 = 9, ಎತ್ತರ 3. ಟ್ಯಾನ್(ಅ/2) = 3/9 = 1/3. ವರ್ಗಮೂಲ ಇಲ್ಲ, ± ಇಲ್ಲ!

ಇನ್ನೊಂದು ಮೂಲೆಗೂ ಹೀಗೇ ಮಾಡಿ. 4 / (5 + 3) = 1/2. 3-4-5ರ ಒಳಗೆ ಅರ್ಧವೂ ಮೂರನೇ ಒಂದೂ ಹೀಗೆ ಅಡಗಿ ಕೂತಿವೆ. ಎರಡು ಕೋನಗಳ ಮೊತ್ತ 90 ಆದ್ದರಿಂದ ಈ ಎರಡು ಅರ್ಧಗಳ ಮೊತ್ತ 45 ಆಗಬೇಕು. ಟ್ಯಾನ್ ಕೂಡಿಸುವ ಸೂತ್ರ ಹಾಕಿ ನೋಡಿ: (1/2 + 1/3) / (1 − 1/6) = 1. ಇದನ್ನು ಮೊದಲ ಸಲ ಕಂಡಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕರೆದು ತೋರಿಸಿದ್ದೆ. ಯಾರಿಗಾದರೂ ತೋರಿಸದೆ ಇರಲು ಆಗಲಿಲ್ಲ.

ಓರೆಯನ್ನು 1 ಅಂದುಕೊಂಡರೆ ಇದೇ ಚಿತ್ರ ಸೂತ್ರ ಆಗುತ್ತದೆ:

ಟ್ಯಾನ್(ಅ/2) = ಸೈನ್ ಅ / (1 + ಕಾಸ್ ಅ)

ನನ್ನ ಮಟ್ಟಿಗೆ ಅರ್ಧ ಕೋನದ ಸೂತ್ರಗಳಲ್ಲಿ ಇದೇ ಚೆಂದದ್ದು. 45 ಹಾಕಿದರೆ 1 / (√2 + 1). ಛೇದವನ್ನು ಅಕರಣೀಕರಿಸಿದರೆ √2 − 1. ಬಿಡುವ ಬೆಲೆಯೇ ಇಲ್ಲ. ಚಿಹ್ನೆಯನ್ನು ಸೈನ್ ತಾನೇ ಹೊತ್ತು ತರುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ರೇಷ್ಮಾ ಒಂದು ಪ್ರಶ್ನೆ ಕೇಳಿದಳು. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇದು ಯಾಕೆ ಬೇಕಾಗಿತ್ತು? ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲೇ ಇದು ಬೇಕಾಗಿತ್ತು ಅಂತ ಹೇಳಿ ಆರ್ಯಭಟನ ಪಟ್ಟಿ ತೆಗೆದೆ.

ಆರ್ಯಭಟೀಯ ಕ್ರಿ.ಶ. 499ರ ಕಾಲದ್ದು. ಅದರಲ್ಲಿ 90 ಡಿಗ್ರಿಯನ್ನು 24 ಭಾಗ ಮಾಡಿ, ಒಂದೊಂದಕ್ಕೂ ಸೈನ್ ಎಷ್ಟು ಅಂತ ಹೇಳಿದ್ದಾನೆ. ಒಂದು ಭಾಗ ಅಂದರೆ 3¾ ಡಿಗ್ರಿ, ಅಂದರೆ 225 ಕಲೆ (ಒಂದು ಡಿಗ್ರಿಗೆ 60 ಕಲೆ). ಅಂಕಿಗಳನ್ನು ಅಕ್ಷರದಲ್ಲಿ ಬರೆದಿದ್ದಾನೆ. ಸಾಲು ಶುರುವಾಗುವುದು ಹೀಗೆ: ಮಖಿ, ಭಖಿ, ಫಖಿ, ಧಖಿ. ಇದನ್ನು ಓದಲು ನಮ್ಮ ಅಕ್ಷರಮಾಲೆ ಸಾಕು. ಕದಿಂದ ಮವರೆಗೆ 25 ವರ್ಗೀಯ ವ್ಯಂಜನಗಳು. ಕ ಅಂದರೆ 1, ಖ ಅಂದರೆ 2, ಮ ಅಂದರೆ 25. ಇಕಾರ ಬಂದರೆ ನೂರರ ಪಟ್ಟು. ಖಿ ಅಂದರೆ 200. ಮಖಿ ಅಂದರೆ 225. ಭ 24ನೆಯದು, ಹಾಗಾಗಿ ಭಖಿ 224. ಫ 22ನೆಯದು, ಫಖಿ 222. ಮಕ್ಕಳು ಬೆರಳು ಮಡಿಸಿ ಕ ಖ ಗ ಘ ಎಣಿಸಿದರು. ಧಖಿ 219 ಅಂತ ಕಾವ್ಯಾ ಎಲ್ಲರಿಗಿಂತ ಮೊದಲು ಹೇಳಿದಳು.

ಇವು ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸಗಳು. ಕೂಡುತ್ತಾ ಹೋದರೆ 225, 449, 671, 890. ಎಂಟನೆಯದು 1719. ಅದು 30 ಡಿಗ್ರಿಯದ್ದು. ಕೊನೆಯದು 3438. ಅದು 90 ಡಿಗ್ರಿಯದ್ದು, ವೃತ್ತದ ತ್ರಿಜ್ಯವೂ ಅದೇ. ಅರ್ಧ ಮಾಡಿ ನೋಡಿ: 3438ರ ಅರ್ಧ 1719. ಸೈನ್ 30 ಅಂದರೆ ಅರ್ಧ, ಇಲ್ಲೇ ಕಾಣುತ್ತದೆ.

ನಮ್ಮ ಶಾಲೆಯ ರೇಖಾಗಣಿತದಲ್ಲಿ ಇವತ್ತಿಗೂ ವೃತ್ತದ ಎರಡು ಬಿಂದು ಸೇರಿಸುವ ಗೆರೆಗೆ ಜ್ಯಾ ಅನ್ನುತ್ತೇವೆ. ಜ್ಯಾ ಅಂದರೆ ಬಿಲ್ಲಿನ ಹೆದೆ. ಆ ಹೆದೆಯ ಅರ್ಧವೇ ಸೈನ್. ಹಳಬರು ಆ ಅರ್ಧವನ್ನೂ ಚಿಕ್ಕದಾಗಿ ಜ್ಯಾ ಅಂತಲೇ ಕರೆದರು. ಜ್ಯಾ ಅನ್ನುವುದು ಅರಬ್ಬರ ಬಾಯಲ್ಲಿ ಜೀಬ ಆಗಿ, ಜೈಬ್ ಅಂತ ಓದಿಸಿಕೊಂಡು, ಲ್ಯಾಟಿನ್‌ನಲ್ಲಿ ಸೈನಸ್ ಆಗಿ, ಸೈನ್ ಅಂತ ನಮ್ಮ ಪುಸ್ತಕಕ್ಕೆ ವಾಪಸ್ ಬಂತು. ತ್ರಿಜ್ಯ ಅನ್ನುವ ಮಾತಿನ ಕತೆ ಇನ್ನೂ ಚೆನ್ನ. ಮೂರು ರಾಶಿಯ ಜ್ಯಾ ಅಂತ ಅದರ ಅರ್ಥ. ಒಂದು ರಾಶಿ 30 ಡಿಗ್ರಿ, ಮೂರು ರಾಶಿ 90. ಸೈನ್ 90ರ ಉದ್ದವೇ ವೃತ್ತದ ತ್ರಿಜ್ಯ. ಆರನೇ ತರಗತಿಯ ಮಗು ತ್ರಿಜ್ಯ ಅಂದಾಗಲೆಲ್ಲಾ ತ್ರಿಕೋನಮಿತಿಯ ಮಾತನ್ನೇ ಆಡುತ್ತಿರುತ್ತದೆ.

ಆರ್ಯಭಟನ ಮುಂದಿನ ಪೀಳಿಗೆಯ ವರಾಹಮಿಹಿರನ ಪಂಚಸಿದ್ಧಾಂತಿಕಾ ಅನ್ನುವ ಖಗೋಳ ಗ್ರಂಥದಲ್ಲಿ ನಮ್ಮ ಅರ್ಧ ಕೋನದ ನಿಯಮವೇ ಇದೆ. ಅದನ್ನು ಹಿಡಿದು ನಾನು ಮಕ್ಕಳಿಗೆ ಒಂದು ಆಟ ಕೊಟ್ಟೆ. ನಿಮ್ಮ ಹತ್ತಿರ ಇರುವುದು 30, 45, 90 ಮಾತ್ರ. ಮಾಡಬಹುದಾದ ಕೆಲಸ ಎರಡೇ: ಅರ್ಧ ಮಾಡುವುದು, ಇಲ್ಲವೇ 90ರಿಂದ ಕಳೆಯುವುದು. 24 ಮನೆಗಳಲ್ಲಿ ಎಷ್ಟು ಮನೆ ತುಂಬುತ್ತವೆ?

ಬೋರ್ಡಿನ ಮೇಲೆ 1ರಿಂದ 24ರವರೆಗೆ ಬರೆದೆವು. 30 ಅಂದರೆ 8ನೇ ಮನೆ. ಅದರ ಅರ್ಧ 4, ಅದರ ಅರ್ಧ 2, ಅದರ ಅರ್ಧ 1. 24ರಿಂದ ಕಳೆದರೆ 16, 20, 22, 23. 20ರ ಅರ್ಧ 10, ಅದರ ಅರ್ಧ 5. 22ರ ಅರ್ಧ 11. 10ರ ಜೋಡಿ 14, ಅದರ ಅರ್ಧ 7. 45 ಅಂದರೆ 12, ಅಲ್ಲಿಂದ 6, 3, 18, 9. ಒಂದೊಂದು ಮನೆ ತುಂಬಿದಾಗಲೂ ಬಸು ಬಂದು ಸುತ್ತು ಹಾಕುತ್ತಿದ್ದ. ಕೊನೆಗೆ 15 ತುಂಬಿತು. ಒಂದು ಮನೆಯೂ ಖಾಲಿ ಉಳಿಯಲಿಲ್ಲ. ಇಡೀ ಪಟ್ಟಿ ಬರೀ ಮಡಿಕೆಯಿಂದ ಹುಟ್ಟುತ್ತದೆ!

ನಂತರದ ಭಾನುವಾರ ಬೆಳಗ್ಗೆ ಎಲ್ಲರನ್ನೂ ಮಾಳಿಗೆ ಮೇಲೆ ಕರೆದೆ. ಅಪ್ಪನೂ ಬಂದು ಕುರ್ಚಿ ಹಾಕಿಕೊಂಡು ಕೂತರು. ಒಂದು ಮೊಳೆ, ಒಂದು ಮೀಟರ್ ದಾರ, ಸೀಮೆಸುಣ್ಣ. ಮೊದಲು ಒಂದು ವೃತ್ತ. ಅದೇ ದಾರದ ಅಳತೆಯಿಂದ ವೃತ್ತದ ಮೇಲೆ ಆರು ಗುರುತು. ಅವು 60 ಡಿಗ್ರಿ ದೂರ ದೂರ. ಅರ್ಧ ಮಾಡಿದರೆ ಹನ್ನೆರಡು. ಇನ್ನೊಮ್ಮೆ ಅರ್ಧ ಮಾಡಿದರೆ ಇಪ್ಪತ್ನಾಲ್ಕು. ಒಂದಕ್ಕೊಂದು 15 ಡಿಗ್ರಿ.

ಅಳೆಯುವ ಮುಂಚೆ ಲೆಕ್ಕ ಮಾಡಿ ಅಂದೆ. ಪಕ್ಕಪಕ್ಕದ ಎರಡು ಗುರುತಿನ ನಡುವಿನ ದೂರ ಎಷ್ಟು ಇರಬೇಕು? 15 ಡಿಗ್ರಿಯ ಜ್ಯಾ, ಅಂದರೆ ಸೈನ್ 7½ರ ಎರಡರಷ್ಟು. ಎಲ್ಲರೂ ಸೂತ್ರ ಹಿಡಿದರು. ಕಾವ್ಯಾಗೆ 26.1 ಸೆಂ.ಮೀ. ಬಂತು. ಬಸುಗೆ 24.5 ಬಂತು. ಸೂತ್ರ ಇಬ್ಬರದ್ದೂ ಒಂದೇ. ಟೇಪ್ ಇಟ್ಟರೆ ಇಪ್ಪತ್ತಾರರಿಂದ ಒಂದು ಕೂದಲೆಳೆ ಆಚೆ.

ಬಸುವಿನ ಹಾಳೆ ನೋಡಿದೆ. ಕಾಸ್ 15 ಅಂದರೆ 0.9659. ಅವನು ಅದನ್ನು 0.97 ಅಂತ ತೆಗೆದುಕೊಂಡಿದ್ದ. ಅಷ್ಟು ಸಣ್ಣ ಬದಲಾವಣೆಗೆ ಒಂದೂವರೆ ಸೆಂಟಿಮೀಟರ್ ಹೋಯಿತಾ? ಹೋಯಿತು. 1ರಲ್ಲಿ 0.9659 ಕಳೆದರೆ 0.0341. 1ರಲ್ಲಿ 0.97 ಕಳೆದರೆ 0.03. ಒಂದಕ್ಕೆ ಹತ್ತಿರ ಇರುವ ಸಂಖ್ಯೆಯನ್ನು ಒಂದರಲ್ಲಿ ಕಳೆದಾಗ ದೊಡ್ಡ ಭಾಗ ಹೊಡೆದುಹೋಗಿ ಬರೀ ಚಿಲ್ಲರೆ ಉಳಿಯುತ್ತದೆ. ಆ ಚಿಲ್ಲರೆಯೇ ತಪ್ಪಾದರೆ ಉತ್ತರವೇ ತಪ್ಪು. ಸಣ್ಣ ಕೋನಗಳಲ್ಲಿ ಸೈನ್‌ನ ಅರ್ಧ ಕೋನ ಸೂತ್ರ ಹೀಗೆ ಕೈಕೊಡುತ್ತದೆ. ಪುಸ್ತಕದಲ್ಲಿ ಇದನ್ನು ಹೇಳಬೇಕಿತ್ತು.

ದಾರಿ ಇದೆ. ಕಳೆಯುವ ಬದಲು ಕೂಡಿಸುವ ಸೂತ್ರ ಹಿಡಿಯಿರಿ. ಮೊದಲು ಕಾಸ್ 7½ ತೆಗೆಯಿರಿ. 0.97 ಇಟ್ಟುಕೊಂಡೇ ಮಾಡಿದರೂ 1.97ರ ಅರ್ಧದ ವರ್ಗಮೂಲ 0.9925. ಸೈನ್ 2ಅ = 2 ಸೈನ್ ಅ × ಕಾಸ್ ಅ ತಾನೇ? ಹಾಗಾಗಿ ಆಮೇಲೆ ಸೈನ್ 15ನ್ನು ಅದರ ಎರಡರಷ್ಟರಿಂದ ಭಾಗಿಸಿ: 0.2588 / 1.985 = 0.1304. ದುಪ್ಪಟ್ಟು ಮಾಡಿದರೆ 26.1 ಸೆಂ.ಮೀ. ಬಸು ತಾನೇ ಮಾಡಿ ನೋಡಿದ. ಅದೇ 0.97, ಆದರೆ ಈ ಸಲ ದಾರದ ಮಾತೂ ಅವನ ಮಾತೂ ಒಂದೇ ಆಯಿತು.

ಆರ್ಯಭಟನ ಪಟ್ಟಿಯಲ್ಲಿ 15 ಡಿಗ್ರಿಗೆ ಇರುವ 890 ಕೂಡ ಇದನ್ನೇ ಹೇಳುತ್ತದೆ. ಅವನ ಪಟ್ಟಿಯಲ್ಲಿ 60 ಡಿಗ್ರಿಗೆ 2978 ಇದೆ. ಆ ಪೂರ್ಣಾಂಕ ಇಟ್ಟು 30ನ್ನು ಅರ್ಧ ಮಾಡಿದರೆ 889.2 ಬರುತ್ತದೆ. ಚಿಲ್ಲರೆ ಬಿಡದೆ 2977.4 ಇಟ್ಟು ಮಾಡಿದರೆ 889.8. ಆಗ ಮಾತ್ರ 890.

ಕೆಳಗೆ ಹೋಗುವ ಮುಂಚೆ ಇನ್ನೊಂದು ಕೆಲಸ ಉಳಿದಿತ್ತು. ಇಪ್ಪತ್ನಾಲ್ಕು ಗುರುತುಗಳಲ್ಲಿ ಆರು ಬಿಟ್ಟು ಆರಕ್ಕೆ ಗೆರೆ ಎಳೆದರೆ ಒಂದು ಚೌಕ. ಒಂದೊಂದು ಗುರುತು ಸರಿಸುತ್ತಾ ಆರು ಚೌಕ ಎಳೆದೆವು. ಹೊರಗಿನ ಅಂಚನ್ನು ಮಾತ್ರ ದಪ್ಪ ಮಾಡಿದಾಗ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರ ಎದ್ದು ಕಂಡಿತು. "ಇದು ಡಂಬಳದ ಗುಡಿ ಅಲ್ಲೇನವಾ?" ಅಂದರು ಅಪ್ಪ, ಕಣ್ಣು ಕಿರಿದು ಮಾಡಿ.

ಹೌದು, ಅದೇ. ಗದಗಿನಿಂದ ಸುಮಾರು 20 ಕಿಲೋಮೀಟರ್ ದೂರದ ಡಂಬಳದಲ್ಲಿ ದೊಡ್ಡಬಸಪ್ಪ ದೇವಸ್ಥಾನ ಇದೆ. 12ನೇ ಶತಮಾನದ್ದು, ಕಲ್ಯಾಣಿ ಚಾಲುಕ್ಯರ ಕಾಲದ್ದು. ಅದರ ಗರ್ಭಗುಡಿಯ ಹೊರಗೋಡೆ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರ. ಮೂಲೆಯಿಂದ ಮೂಲೆಗೆ 15 ಡಿಗ್ರಿ, ಅಂದರೆ 30ರ ಅರ್ಧ. ದಕ್ಷಿಣದಲ್ಲಿ ಸೋಮನಾಥಪುರದ ಕೇಶವ ದೇವಸ್ಥಾನ ಇದೆಯಲ್ಲ, 1258ರ ಹೊಯ್ಸಳರದ್ದು, ಅಲ್ಲಿನ ಗರ್ಭಗುಡಿಗಳಿಗೆ ಹದಿನಾರು ಮೂಲೆ. ಅಲ್ಲಿ 22½, ಅಂದರೆ 45ರ ಅರ್ಧ. ನಮ್ಮ ಪುಸ್ತಕದ ಎರಡು ಲೆಕ್ಕಗಳೂ ಕಲ್ಲಿನಲ್ಲಿ ನಿಂತಿವೆ.

ಮಧ್ಯಾಹ್ನ ಊಟ ಮುಗಿಸಿ ಬಸ್ ಹತ್ತಿದೆವು. ಅಪ್ಪನೂ ಬರುತ್ತೇನೆ ಅಂದರು. ಮೂವರು ಮಕ್ಕಳು ಗುಡಿಯ ಸುತ್ತ ಎಣಿಸುತ್ತಾ ಹೊರಟರು. ಮುಂದಿನ ಮಂಟಪ ಕೂಡುವ ಕಡೆ ಕೆಲವು ಮೂಲೆಗಳು ಗೋಡೆಯೊಳಗೆ ಸೇರಿಹೋಗಿವೆ. ಹಾಗಾಗಿ ರೇಷ್ಮಾ ಎರಡು ಸಲ ಲೆಕ್ಕ ತಪ್ಪಿದಳು. ಆಮೇಲೆ ಕಾಣುವ ಮೂಲೆ ಎಣಿಸುವುದು ಬಿಟ್ಟು, ನಂದಿಗೆ ಎದುರಾಗಿ ನಿಂತು, ಕಾಣದ ಮೂಲೆಗಳು ಎಲ್ಲಿ ಬರಬೇಕು ಅಂತ ಗಾಳಿಯಲ್ಲಿ ಬೆರಳಿನಿಂದ ಗುರುತಿಸಿದಳು.

ಬಸು ಗೋಡೆಯ ಪಕ್ಕ ನಿಂತು ನೋಟ್‌ಬುಕ್ಕಿನ ಹಾಳೆಯನ್ನು ಮಡಿಸುತ್ತಿದ್ದ. ಅಪ್ಪ ಅವನ ಕೈಯಿಂದ ಅದನ್ನು ತೆಗೆದುಕೊಂಡು, ಮಡಿಕೆಯನ್ನು ಉಗುರಿನಿಂದ ಒತ್ತಿ ಚೂಪು ಮಾಡಿ ವಾಪಸ್ ಕೊಟ್ಟರು. "ಈಗ ಹಿಡಿ" ಅಂದರು. ಬಸು ಒಂದು ಕಣ್ಣು ಮುಚ್ಚಿ, ಮಡಿಕೆಯನ್ನು ಕಲ್ಲಿನ ಎರಡು ಮೂಲೆಗಳಿಗೆ ಎದುರಾಗಿ ಎತ್ತಿ ಹಿಡಿದ.